ಹಿಂದಿನ ಎರಡು ಚಕ್ರ ಸುಮ್ಮನಿದ್ರೆ ಅದು ಸುಬಾರುನೇನಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು, ಗಾಡಿನ ನಾಲ್ಕೂ ಚಕ್ರ ಎಳೀಬೇಕಾ (ಆಲ್ ವೀಲ್ ಡ್ರೈವ್, ಫೋರ್ ಬೈ ಫೋರ್), ಎರಡು ಸಾಕಾ (ಟೂ ವೀಲ್ ಡ್ರೈವ್) ಅಂತ. ಅಮೆರಿಕದಿಂದ ಜಪಾನಿನ ಸುಬಾರು ಕಾರುಗಳ ಬಗ್ಗೆ, ಮಲೆನಾಡಿಂದ ಮಾರುತಿ ಸುಜುಕಿಯ ಜಿಮ್ನಿ ಬಗ್ಗೆ, ಬೆಂಗಳೂರಿಂದ ಮಹೀಂದ್ರದ ಥಾರ್ ಬಗ್ಗೆ. ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿದೀನಿ, ಬ್ಯಾಟರಿ ಬಗ್ಗೆ ಕೇಳಿದೋರು ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ನಾನು ಮೂಲ ಹಾಸನದ ಕಡೆಯೋನು, ಡೆನ್ವರ್‌ಗೆ ಬಂದು ಹನ್ನೆರಡು ವರ್ಷ ಆಯ್ತು, ಎರಡನೇ ಸುಬಾರು ಓಡಿಸ್ತಾ ಇದೀನಿ. ಸುಬಾರು ಅಂದ್ರೆ ಆಲ್ ವೀಲ್ ಡ್ರೈವ್ ಅಂತಾನೇ ಇಲ್ಲಿ ಎಲ್ರೂ ತಗೊಳ್ಳೋದು. ಈಗ ಅನ್‌ಚಾರ್ಟೆಡ್ ಅನ್ನೋ ಎಲೆಕ್ಟ್ರಿಕ್ ಗಾಡಿನ ಬರೀ ಫ್ರಂಟ್ ವೀಲ್ ಡ್ರೈವ್‌ನಲ್ಲೂ ಕೊಡ್ತಾರಂತೆ. ಇದು ಮನೆದೇವ್ರನ್ನ ಮಾರ್ಕೊಂಡ ಹಾಗಲ್ವಾ?
– ಡೆನ್ವರ್, ಕೊಲೊರಾಡೊ

ಮನೆದೇವ್ರು ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡೋಣ, ಯಾಕಂದ್ರೆ ಈ ದೇವ್ರು ಆ ಮನೆಗೆ ಆಮೇಲೆ ಬಂದಿದ್ದು. 1958ರ ಸುಬಾರು 360 ಅನ್ನೋ ಪುಟಾಣಿ ಗಾಡಿಗೆ ಇಂಜಿನ್ ಹಿಂದೆ, ಎಳೆಯೋದೂ ಹಿಂದಿನ ಚಕ್ರ. 1966ರ ಸುಬಾರು 1000ಕ್ಕೆ ಮುಂದಿನ ಚಕ್ರ. ನಾಲ್ಕು ಚಕ್ರದ ಕತೆ ಶುರುವಾಗಿದ್ದು ಜಪಾನಿನ ಈಶಾನ್ಯದ ತೊಹೊಕು ಪ್ರಾಂತ್ಯದ ಕರೆಂಟ್ ಕಂಪನಿಯಿಂದ. ಅಲ್ಲಿ ಹಿಮ ಬೀಳೋ ಬೆಟ್ಟದಲ್ಲಿ ಲೈನ್ ನೋಡೋಕೆ ಹೋಗೋ ಲೈನ್‌ಮನ್‌ಗಳಿಗೆ ಜೀಪು ಹತ್ತಿದ್ರೆ ಚಳಿಗೆ ಜೀವ ಹೋಗ್ತಿತ್ತು, ಕಾರು ಹತ್ತಿದ್ರೆ ಅರ್ಧ ದಾರೀಲಿ ಹೂತ್ಕೊಳ್ತಿತ್ತು. ಅದಕ್ಕೆ ಮಿಯಾಗಿಯ ಸುಬಾರು ಡೀಲರ್ ಹತ್ರ ಹೋಗಿ, ಕಾರಿನ ಥರ ಬೆಚ್ಚಗಿರ್ಬೇಕು ಜೀಪಿನ ಥರ ಹತ್ಬೇಕು, ಏನಾದ್ರೂ ಮಾಡ್ಕೊಡಿ ಅಂದ್ರು. ಅವ್ರ ವರ್ಕ್‌ಶಾಪ್‌ನೋರು ಒಂದು ಫ್ರಂಟ್ ವೀಲ್ ಡ್ರೈವ್ ವ್ಯಾನ್ ತಗೊಂಡು, ನಿಸಾನ್ ಬ್ಲೂಬರ್ಡ್‌ದು ಹಿಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಬಲ ಹಂಚೋ ಗೇರು) ಜೋಡಿಸಿ ನಿಲ್ಲಿಸಿಬಿಟ್ರು. ನಮ್ಮ ಗ್ಯಾರೇಜ್ ಅಣ್ಣಂದಿರು ಮಾಡೋ ಕೆಲಸಾನೇ ಅದು! ಅದೇ ಐಡಿಯಾ 1972ರಲ್ಲಿ ಲಿಯೋನಿ ಎಸ್ಟೇಟ್ ವ್ಯಾನ್ ಆಗಿ ಫ್ಯಾಕ್ಟರಿಯಿಂದ ಹೊರಗೆ ಬಂತು.

ಇದರಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಆ ಲಿಯೋನಿ ಯಾವಾಗ್ಲೂ ನಾಲ್ಕು ಚಕ್ರದಲ್ಲಿ ಓಡ್ತಿರ್ಲಿಲ್ಲ. ಮಾಮೂಲಿ ರಸ್ತೇಲಿ ಮುಂದಿನ ಎರಡೇ, ಹಿಮ ಬಂದಾಗ ಲಿವರ್ ಎಳೆದ್ರೆ ಹಿಂದಿನವೂ ಸೇರ್ಕೊಳ್ತಿದ್ವು. ಅಂದ್ರೆ ಇವತ್ತು ಮಹಾಪರಾಧ ಅಂತೀರಲ್ಲ ಆ ಟೂ ವೀಲ್ ಡ್ರೈವು, ಮೂಲಪುರುಷನ ಹೊಟ್ಟೇಲೇ ಇತ್ತು.

ಅಮೆರಿಕದಲ್ಲೂ ಅಷ್ಟೇ. 1990ರ ದಶಕದ ಅರ್ಧದವರೆಗೂ ಸುಬಾರುವಿನ ಲೆಗಸಿ, ಇಂಪ್ರೆಝಾ ಎರಡೂ ಫ್ರಂಟ್ ವೀಲ್ ಡ್ರೈವ್‌ನಲ್ಲಿ ಸಿಗ್ತಿದ್ವು. ಆದ್ರೆ ಆ ಗಾಡಿಗಳು ಹೋಂಡಾ, ಟೊಯೊಟಾ ಪಕ್ಕದಲ್ಲಿ ನಿಂತು ಸೋಲ್ತಿದ್ವು, ಅಕಾರ್ಡ್ ಕ್ಯಾಮ್ರಿ ಬಿಟ್ಟು ಇದನ್ಯಾಕೆ ತಗೋಬೇಕು ಅನ್ನೋದಕ್ಕೆ ಉತ್ತರ ಇರ್ಲಿಲ್ಲ. ಉತ್ತರ ಇದ್ದಿದ್ದು ಆಲ್ ವೀಲ್ ಡ್ರೈವ್ ಗಾಡಿಗೆ ಮಾತ್ರ. ಹಾಗಾಗಿ ಎರಡು ಚಕ್ರದ್ದನ್ನ ಪೂರ್ತಿ ಕೈಬಿಟ್ಟು, ಔಟ್‌ಬ್ಯಾಕ್ ಅಂತ ಎತ್ತರದ ವ್ಯಾಗನ್ ಮಾಡಿ, ಹಿಮ ಇರೋ ಊರಿನ ಟೀಚರ್‌ಗಳು, ನರ್ಸ್‌ಗಳು, ಬೆಟ್ಟ ಹತ್ತೋರು, ನಾಯಿ ಸಾಕಿದೋರು, ಇಂಥೋರ ಹಿಂದೆ ಹೋದ್ರು. ಆಗ ವರ್ಷಕ್ಕೆ ಲಕ್ಷದ ಆಸುಪಾಸಲ್ಲಿ ಒದ್ದಾಡ್ತಿದ್ದ ಕಂಪನಿ 2024ರಲ್ಲಿ ಅಮೆರಿಕದಲ್ಲೇ 6.67 ಲಕ್ಷ ಗಾಡಿ ಮಾರಿದೆ. ಭಕ್ತಿಯಿಂದ ಅಲ್ಲ ಸ್ವಾಮಿ, ಬೇರೆ ದಾರಿ ಇಲ್ದೆ ಹಿಡಿದ ದಾರಿ, ಅದು ಹೆದ್ದಾರಿ ಆಯ್ತು.

ಇನ್ನು ಲೆಕ್ಕಕ್ಕೆ ಬರೋಣ. ಪೆಟ್ರೋಲ್ ಸುಬಾರುಗೆ ಬಾಕ್ಸರ್ ಇಂಜಿನ್, ಪಿಸ್ಟನ್‌ಗಳು ಅಂಗಾತ ಮಲಗಿರ್ತವೆ, ಇಂಜಿನ್ ಹಿಂದೆ ನೆಟ್ಟಗೆ ಗೇರ್‌ಬಾಕ್ಸ್, ಅದರ ಹಿಂದೆ ಹಾಗೇ ಒಂದು ಶಾಫ್ಟ್ ಎಳೆದ್ರೆ ಹಿಂದಿನ ಚಕ್ರ ಸಿಕ್ತು, ಸುತ್ತು ಬಳಸೋ ಗೋಜಿಲ್ಲ. ಇದರಲ್ಲಿ ಹಿಂದಿನ ಚಕ್ರ ಎಳೆಯೋದನ್ನ ಬಿಟ್ರೆ ಉಳಿತಾಯ ಆಗೋದು ಶಾಫ್ಟು, ಡಿಫರೆನ್ಷಿಯಲ್ಲು, ಎರಡು ಚಿಕ್ಕ ಆಕ್ಸೆಲ್, ಒಂದಷ್ಟು ತೂಕ, ಗ್ಯಾಲನ್‌ಗೆ ಹೆಚ್ಚಂದ್ರೆ ಒಂದೆರಡು ಮೈಲಿ. ಎಲ್ಲ ಗಾಡಿಗೂ ಅದೇ ಪಾರ್ಟ್ ಹಾಕಿದಾಗ ಆ ಪಾರ್ಟ್ ಅಗ್ಗ ಆಗುತ್ತೆ. ಅರ್ಧ ಗಾಡಿಗೆ ಬೇಡ ಅಂದ್ರೆ ಉಳಿದ ಅರ್ಧಕ್ಕೆ ದುಬಾರಿ ಆಗುತ್ತೆ. ಅದಕ್ಕೇ ಫಾರೆಸ್ಟರ್, ಔಟ್‌ಬ್ಯಾಕ್‌ಗೆ ಎರಡು ಚಕ್ರ ಕೊಡೋದು ನನಗೆ ಪೆದ್ದತನ ಅನ್ಸುತ್ತೆ, ಉಳಿಸೋದು ಚಿಲ್ಲರೆ ಕಳ್ಕೊಳ್ಳೋದು ಹೆಸರು.

ಎಲೆಕ್ಟ್ರಿಕ್‌ನಲ್ಲಿ ಈ ಲೆಕ್ಕ ತಿರುಗಾಮುರುಗಾ. ಅಲ್ಲಿ ಶಾಫ್ಟೇ ಇಲ್ಲ, ಹಿಂದಕ್ಕೆ ಇನ್ನೊಂದು ಮೋಟರ್, ಅದಕ್ಕೆ ಬ್ಯಾಟರಿ ಕರೆಂಟನ್ನ ಹೊಂದಿಸಿ ಕೊಡೋ ಇನ್ನೊಂದು ಇನ್ವರ್ಟರ್ ಇಡ್ಬೇಕು. ಅದನ್ನ ಬಿಟ್ರೆ ನಿಜವಾಗ್ಲೂ ದುಡ್ಡು ಉಳಿಯುತ್ತೆ, ಅದೇ ಬ್ಯಾಟರೀಲಿ ಜಾಸ್ತಿ ದೂರ ಹೋಗುತ್ತೆ. ಅನ್‌ಚಾರ್ಟೆಡ್‌ನ 2025ರ ಜುಲೈನಲ್ಲಿ ತೋರಿಸಿದಾಗ ಒಂದೇ ಮೋಟರಿನದಕ್ಕೆ 221 ಹಾರ್ಸ್‌ಪವರ್, 300 ಮೈಲಿಗಿಂತ ಜಾಸ್ತಿ ರೇಂಜ್, ಎರಡು ಮೋಟರಿನದಕ್ಕೆ 338 ಹಾರ್ಸ್‌ಪವರ್ ಆದ್ರೆ ರೇಂಜ್ ಅದಕ್ಕಿಂತ ಕಮ್ಮಿ ಅಂದ್ರು. ಬೆಲೆ ಸುಮಾರು 35,000 ಡಾಲರ್‌ನಿಂದ ಶುರು, ಅಷ್ಟು ಕಮ್ಮಿ ಬೆಲೆಯ ಬೋರ್ಡ್ ಹಾಕೋಕೆ ಸಾಧ್ಯ ಆಗಿದ್ದೇ ಫ್ರಂಟ್ ವೀಲ್ ಡ್ರೈವ್‌ನಿಂದ. ತಮಾಷೆ ಕೇಳಿ, ಇದು ಟೊಯೊಟಾ ಜೊತೆ ಸೇರಿ ಮಾಡಿದ ಗಾಡಿ, ಇದರ ಅವಳಿ ಟೊಯೊಟಾ ಸಿ-ಎಚ್‌ಆರ್, ಅಮೆರಿಕದಲ್ಲಿ ಆ ಟೊಯೊಟಾ ಬರೋದು ಬರೀ ಆಲ್ ವೀಲ್ ಡ್ರೈವ್‌ನಲ್ಲಿ. ಸುಬಾರುನಲ್ಲಿ ಎರಡು ಚಕ್ರ, ಟೊಯೊಟಾದಲ್ಲಿ ನಾಲ್ಕೇ ನಾಲ್ಕು! ಅತ್ತೆ ಸೊಸೆ ಮನೆ ಅದಲುಬದಲು ಮಾಡ್ಕೊಂಡ ಹಾಗಿದೆ.

ಹಾಗಾದ್ರೆ ಕೊಡಬೇಕಾ ಬೇಡ್ವಾ ಅಂದ್ರೆ, ಕೊಡಲಿ ಅಂತೀನಿ, ಆದ್ರೆ ಒಂದು ತಕರಾರು ಇದೆ. ಇಷ್ಟು ದಿನ ಡೆನ್ವರ್‌ನಲ್ಲಿ ಒಬ್ರು ಸೆಕೆಂಡ್ ಹ್ಯಾಂಡ್ ಸುಬಾರು ನೋಡೋಕೆ ಹೋದ್ರೆ, ಬಿಆರ್‌ಝಡ್ ಅನ್ನೋ ಸ್ಪೋರ್ಟ್ಸ್ ಕಾರ್ ಒಂದು ಬಿಟ್ಟು, ಎಷ್ಟು ಚಕ್ರ ಎಳೆಯುತ್ತೆ ಅಂತ ಕೇಳೋ ಪ್ರಮೇಯಾನೇ ಇರ್ಲಿಲ್ಲ. ಬ್ಯಾಡ್ಜೇ ಉತ್ತರ ಹೇಳ್ತಿತ್ತು. ಬಿಆರ್‌ಝಡ್ 2012ರಿಂದ ಹಿಂದಿನ ಚಕ್ರದ್ದೇ, ಅದಕ್ಕೆ ಯಾರೂ ಅತ್ತಿಲ್ಲ, ಯಾಕಂದ್ರೆ ಆ ಎರಡು ಬಾಗಿಲ ತಗ್ಗು ಗಾಡಿ ನೋಡಿ ಯಾರೂ ಹಿಮದ ಬೆಟ್ಟಕ್ಕೆ ಹೋಗಲ್ಲ. ಅನ್‌ಚಾರ್ಟೆಡ್ ಹಾಗಲ್ಲ, ನೋಡೋಕೆ ಬೆಟ್ಟ ಹತ್ತೋ ಗಾಡಿ ಥರಾನೇ ಇದೆ, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ಕು, ಎಂಟು ಇಂಚಿಗೂ ಜಾಸ್ತಿ ಗ್ರೌಂಡ್ ಕ್ಲಿಯರೆನ್ಸು. ಆರು ವರ್ಷ ಆದ್ಮೇಲೆ ಮೂರನೇ ಓನರ್ ಕೈಗೆ ಬಂದಾಗ, ಸುಬಾರು ಅಲ್ವಾ ಅಂತ ನಂಬಿ ಐ-70 ಹೆದ್ದಾರೀಲಿ ಐಸೆನ್‌ಹೋವರ್ ಟನಲ್ ಕಡೆ ಏರು ಹತ್ತಿಸೋ ಹುಡುಗನಿಗೆ ಅಲ್ಲಿ ಗೊತ್ತಾಗುತ್ತೆ. 11,000 ಅಡಿ ಮೇಲೆ ಪಾಠ ಕಲಿಯೋದು ಬೇಡ. ಗಾಡಿ ಹಿಂಭಾಗದಲ್ಲಿ ಎದ್ದು ಕಾಣೋ ಹಾಗೆ ಬರೀಲಿ, ಇಲ್ಲಾಂದ್ರೆ ಆಡಿ ಮಾಡಿದ ಹಾಗೆ ಮಾಡ್ಲಿ. ಆಡಿ 1980ರಿಂದ ಕ್ವಾಟ್ರೋ ಅಂತ ಹೆಸರು ಮಾಡ್ತು, ಜೊತೆಗೆ ಎರಡು ಚಕ್ರದ್ದನ್ನೂ ಮಾರ್ತಾನೇ ಬಂತು. ಯಾರಿಗೂ ಗೊಂದಲ ಆಗ್ಲಿಲ್ಲ, ಯಾಕಂದ್ರೆ ನಾಲ್ಕು ಚಕ್ರದ ಮಾತು ಕೊಟ್ಟಿದ್ದು ಕ್ವಾಟ್ರೋ ಅನ್ನೋ ಬ್ಯಾಡ್ಜು, ಆಡಿ ಅನ್ನೋ ಹೆಸರಲ್ಲ. ಸುಬಾರು ಆ ಮಾತನ್ನ ತನ್ನ ಹೆಸರಿಗೇ ಕಟ್ಕೊಂಡುಬಿಟ್ಟಿದೆ, ಈಗ ಬಿಚ್ಚೋದು ಕಷ್ಟ.

ಅಂದಹಾಗೆ ಜಪಾನಿನಲ್ಲಿ ಇಂಪ್ರೆಝಾ ಇವತ್ತಿಗೂ ಎರಡೂ ಥರ ಸಿಗುತ್ತೆ. ಎರಡು ಚಕ್ರದ್ದು ಎರಡು ಲಕ್ಷ ಯೆನ್‌ನಷ್ಟು ಅಗ್ಗ. ಅಲ್ಲಿ ಯಾರೂ ಮನೆದೇವ್ರ ಮಾತು ಎತ್ತಲ್ಲ.

ಪ್ರಶ್ನೆ: ಫ್ರಂಟ್ ವೀಲ್ ಡ್ರೈವ್ ಗಾಡಿಗೆ ಒಳ್ಳೆ ವಿಂಟರ್ ಟೈರ್ ಹಾಕಿದ್ರೆ ಸಾಲ್ದಾ? ನಮ್ಮೋರು ಎಲ್ರೂ ಆಲ್ ವೀಲ್ ಡ್ರೈವ್ ಇಲ್ದೆ ಬದುಕೇ ಇಲ್ಲ ಅಂತಾರೆ.
– ಮಾಂಟ್ರಿಯಲ್, ಕೆನಡಾ

ನಿಮ್ಮ ಕ್ವಿಬೆಕ್ ಸರ್ಕಾರವೇ ಅರ್ಧ ಉತ್ತರ ಕೊಟ್ಟಿದೆ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ, ನಾಲ್ಕು ಚಕ್ರ ಎಳೆದ್ರೂ ವಿನಾಯಿತಿ ಇಲ್ಲ. ಕೊಲೊರಾಡೊದಲ್ಲಿ ಹಾಗಲ್ಲ, ಐ-70ರ ಬೆಟ್ಟದ ಭಾಗದಲ್ಲಿ ಸೆಪ್ಟೆಂಬರ್‌ನಿಂದ ಮೇವರೆಗೆ ಆಲ್ ವೀಲ್ ಡ್ರೈವ್ ಇದ್ದು ಟೈರಿನ ಗೀರಿನ ಆಳ 3/16 ಇಂಚು ಇದ್ರೆ ಬಿಡ್ತಾರೆ, ಎರಡು ಚಕ್ರದೋರಿಗೆ ಹಿಮದ ಟೈರೋ ಚೈನೋ ಬೇಕು. ನನಗೆ ಕ್ವಿಬೆಕ್ ದಾರಿನೇ ಸರಿ ಅನ್ಸುತ್ತೆ.

ಯಾಕಂದ್ರೆ ನಾಲ್ಕು ಚಕ್ರ ಎಳೆಯೋದ್ರಿಂದ ಗಾಡಿ ಹೊರಡುತ್ತೆ, ಏರು ಹತ್ತುತ್ತೆ, ಅಷ್ಟೇ. ಬ್ರೇಕ್ ಒತ್ತಿದಾಗ ಎಲ್ಲ ಗಾಡಿಗೂ ನಾಲ್ಕೇ ಚಕ್ರ ನಿಲ್ಲಿಸೋದು, ಮಾರುತಿ 800ಕ್ಕೂ ನಾಲ್ಕೇ, ಔಟ್‌ಬ್ಯಾಕ್‌ಗೂ ನಾಲ್ಕೇ. ತಿರುವಲ್ಲಿ ಹಿಡಿಯೋದೂ ರಬ್ಬರೇ. ಹಳೇ ಆಲ್ ಸೀಸನ್ ಟೈರ್ ಹಾಕಿರೋ ನಾಲ್ಕು ಚಕ್ರದ ಗಾಡಿ ಸಲೀಸಾಗಿ 60ರ ವೇಗಕ್ಕೆ ಏರುತ್ತೆ, ಆ ಸಲೀಸೇ ಮೋಸ, ಹೊರಡೋವಾಗ ಜಾರಿದ್ರೆ ಮನುಷ್ಯನಿಗೆ ಭಯ ಆದ್ರೂ ಹುಟ್ಟುತ್ತೆ, ಇಲ್ಲಿ ಭಯ ಹುಟ್ಟೋದೇ ಸಿಗ್ನಲ್ ಹತ್ರ ಬಂದಾಗ. ಮಾಂಟ್ರಿಯಲ್ ಊರೊಳಗೆ, ರಸ್ತೆ ಬಾಚ್ತಾರೆ ಉಪ್ಪು ಹಾಕ್ತಾರೆ ಅನ್ನೋ ಕಡೆ, ಫ್ರಂಟ್ ವೀಲ್ ಡ್ರೈವು ಒಳ್ಳೆ ವಿಂಟರ್ ಟೈರು ಧಾರಾಳ ಸಾಕು. ಮನೆ ಮುಂದೆ ಕಡಿದಾದ ಏರು ಇದ್ರೆ, ಬಾಚೋಕೆ ಮುಂಚೆ ಬೆಳಗ್ಗೆ ಐದಕ್ಕೆ ಡ್ಯೂಟಿಗೆ ಹೋಗೋ ಕೆಲಸ ಆದ್ರೆ ಮಾತ್ರ ಬೇರೆ ಮಾತು. ಆಗ ನಾಲ್ಕು ಚಕ್ರ ತಗೊಳ್ಳಿ, ಟೈರನ್ನೂ ಹಾಕಿಸಿ.

ಪ್ರಶ್ನೆ: ಜಿಮ್ನಿಯನ್ನ ಟೂ ವೀಲ್ ಡ್ರೈವ್‌ನಲ್ಲಿ ಕೊಟ್ಟು ಎರಡು ಲಕ್ಷ ಇಳಿಸಿದ್ರೆ ಥಾರ್ ಥರ ಓಡ್ತಿತ್ತು ಅಂತ ನಮ್ಮ ಕಡೆ ಎಲ್ರೂ ಮಾತಾಡ್ತಾರೆ. ನಿಮ್ಮ ಅಭಿಪ್ರಾಯ? ತೋಟ ಇದೆ, ಕೊನೇ ಒಂದು ಕಿಲೋಮೀಟರ್ ಮಣ್ಣು ದಾರಿ.
– ಮೂಡಿಗೆರೆ

ಥಾರ್ ಅಗ್ಗ ಆಗಿದ್ದು ಮುಂದಿನ ಚಕ್ರದ ಸಾಮಾನು ತೆಗೆದಿದ್ದಕ್ಕೆ ಮಾತ್ರ ಅಲ್ಲ, ಇಲ್ಲೇ ಎಲ್ರೂ ಎಡವೋದು. 2020ರ ಅಕ್ಟೋಬರ್ 2ಕ್ಕೆ ಬಂದ ಥಾರ್ ಬರೀ ಫೋರ್ ಬೈ ಫೋರ್. 2023ರ ಜನವರಿಯಲ್ಲಿ ಹಿಂದಿನ ಚಕ್ರದ್ದು 9.99 ಲಕ್ಷಕ್ಕೆ ಬಂತು, ಆಗ ಫೋರ್ ಬೈ ಫೋರ್ 13 ಲಕ್ಷದ ಮೇಲಿತ್ತು. ಅಷ್ಟು ಇಳಿಯೋಕೆ ಕಾರಣ ಅದಕ್ಕೆ 1.5 ಲೀಟರ್ ಡೀಸೆಲ್ ಹಾಕಿದ್ದು. ಉದ್ದ ನಾಲ್ಕು ಮೀಟರ್ ಒಳಗೆ, ಡೀಸೆಲ್ 1500 ಸಿಸಿ ಒಳಗೆ ಅಂದ್ರೆ ಚಿಕ್ಕ ಕಾರಿನ ತೆರಿಗೆ. 2025ರ ಸೆಪ್ಟೆಂಬರ್ ಆದ್ಮೇಲೆ ಆ ಚಿಕ್ಕ ಕಾರಿಗೆ 18 ಪರ್ಸೆಂಟ್ ಜಿಎಸ್‌ಟಿ, ಉಳಿದ ಪೆಟ್ರೋಲ್ ಡೀಸೆಲ್ ಕಾರಿಗೆ 40. ಜಿಮ್ನಿ ಉದ್ದ ಸರಿಯಾಗೇ ಇದೆ, ಆದ್ರೆ ಪೆಟ್ರೋಲ್‌ಗೆ ಗಡಿ 1200 ಸಿಸಿ, ಇದರ ಇಂಜಿನ್ 1462. ಅಂದ್ರೆ ಮುಂದಿನ ಚಕ್ರದ ಸಾಮಾನೆಲ್ಲ ಕಿತ್ತು ಹಾಕಿದ್ರೂ 40 ಪರ್ಸೆಂಟ್ ತಲೆ ಮೇಲೇ ಕೂತಿರುತ್ತೆ. ಎರಡು ಲಕ್ಷ ಎಲ್ಲಿಂದ ಇಳಿಸ್ತಾರೆ?

ಹಾಗಂತ ಎರಡು ಚಕ್ರದ ಆ ಗಾಡಿ ಕೇಳಿ ಅರಿಯದ್ದೇನಲ್ಲ, ಇದೇ ಸುಜುಕಿ ಮನೆತನದ ಸಮುರಾಯ್ ಅಮೆರಿಕದಲ್ಲಿ 1990ರ ಆಸುಪಾಸಲ್ಲಿ ಹಾಗೂ ಸಿಕ್ತಿತ್ತು. ಆದ್ರೆ ಲ್ಯಾಡರ್ ಫ್ರೇಮು (ಏಣಿ ಥರದ ಉಕ್ಕಿನ ಚೌಕಟ್ಟು), ಎರಡೂ ಕಡೆ ಗಟ್ಟಿ ಆಕ್ಸೆಲ್ಲು, ಲೋ ಗೇರು, ಇವೆಲ್ಲ ಇರೋದೇ ಹೂತ್ಕೊಳ್ಳೋ ಜಾಗಕ್ಕೆ. ಇವುಗಳ ಕಾಟ ಅಂದ್ರೆ ಟಾರ್ ರೋಡಲ್ಲಿ ಕುಲುಕಾಟ, ಹಿಂದೆ ಇಕ್ಕಟ್ಟು. ಕಾಟ ಉಳಿಸ್ಕೊಂಡು ಉಪಯೋಗ ತೆಗೆದ್ರೆ ಬಿತ್ತೋ ಗದ್ದೆ ಮಾರಿ ನೇಗಿಲು ಇಟ್ಕೊಂಡ ಹಾಗೆ. ಇಲ್ಲಿ ಓಡದ ಈ ಐದು ಬಾಗಿಲಿನ ಗಾಡಿನೇ ನಮ್ಮ ದೇಶದಲ್ಲಿ ತಯಾರಾಗಿ 2025ರ ಶುರುವಲ್ಲಿ ಜಪಾನಿಗೆ ಹೋದಾಗ ಕೆಲವೇ ದಿನದಲ್ಲಿ 50,000 ಬುಕಿಂಗ್ ಬಂದು ಕೌಂಟರ್ ಮುಚ್ಚಿದ್ರು, ಅಲ್ಲಿನೋರು ತಗೊಂಡಿದ್ದು ನಾಲ್ಕು ಚಕ್ರದ್ದನ್ನೇ.

ನಿಮ್ಮ ತೋಟದ ವಿಷಯ. ಒಂದು ಕಿಲೋಮೀಟರ್ ಮಣ್ಣು ದಾರಿ ಅಂದ್ರಿ, ಏರು ಎಷ್ಟು ಅಂತ ಬರೀಲಿಲ್ಲ. ಸಪಾಟ ಇದ್ದು ಜಲ್ಲಿ ಹಾಕ್ಸಿದ್ರೆ ಎರಡು ಚಕ್ರ ಸಾಕು, ಎಷ್ಟೋ ಸಲ ಗಾಡಿಗಿಂತ ಎರಡು ಲೋಡ್ ಜಲ್ಲಿ ಅಗ್ಗ. ಜುಲೈನಲ್ಲಿ ಕೆಂಪು ಮಣ್ಣು ಸೋಪಿನ ಹಾಗೆ ಆಗೋ ಏರಾದ್ರೆ ಸಾಲದು. ಮಲೆನಾಡಲ್ಲಿ ಹಳಬರು ಮಾರುತಿ 800ನ್ನ ರಿವರ್ಸ್‌ನಲ್ಲಿ ಏರು ಹತ್ತಿಸೋದನ್ನ ನೋಡಿರ್ತೀರಿ, ಅದು ಹುಚ್ಚಾಟ ಅಲ್ಲ. ಏರಿನಲ್ಲಿ ಭಾರ ಕೆಳಗಿನ ಕಡೆ ಜಾರುತ್ತೆ, ಮೂತಿ ಮೇಲಿದ್ರೆ ಎಳೆಯೋ ಮುಂದಿನ ಚಕ್ರ ಹಗುರಾಗಿ ಸುಮ್ನೆ ತಿರುಗುತ್ತೆ, ತಿರುಗಿಸಿ ನಿಲ್ಲಿಸಿದ್ರೆ ಎಳೆಯೋ ಚಕ್ರದ ಮೇಲೇ ಭಾರ ಕೂರುತ್ತೆ. ಮೇಲೆ ಡೆನ್ವರ್‌ನೋರು ಕೇಳಿದ ಫ್ರಂಟ್ ವೀಲ್ ಡ್ರೈವ್ ಎಲೆಕ್ಟ್ರಿಕ್ಕಿಗೂ ಇದೇ ಕಷ್ಟ, ಮೋಟರ್ ಬಂದಾಕ್ಷಣ ಭಾರದ ನಿಯಮ ಬದಲಾಗಲ್ಲ.

ಪ್ರಶ್ನೆ: ನಾನು ಟೂ ವೀಲ್ ಡ್ರೈವ್ ಥಾರ್ ತಗೊಂಡೆ. ಅಪಾರ್ಟ್‌ಮೆಂಟಲ್ಲಿ ಒಬ್ರು ಇದನ್ನ ಡೂಪ್ಲಿಕೇಟ್ ಥಾರ್ ಅಂತ ಎಲ್ರ ಮುಂದೆ ಆಡ್ಕೊಳ್ತಾರೆ. ತಪ್ಪು ಮಾಡಿದ್ನಾ?
– ಬೆಂಗಳೂರು

ಅವರ ಫೋರ್ ಬೈ ಫೋರ್ ಲಿವರ್ ಮೇಲೆ ಎಷ್ಟು ಧೂಳು ಕೂತಿದೆ ಅಂತ ಒಂದ್ಸಲ ಬಗ್ಗಿ ನೋಡಿ ಬನ್ನಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎರಡು ಚಕ್ರ ಎಳೆದ್ರೂ ಒಂದೇ, ಹದಿನೆಂಟು ಎಳೆದ್ರೂ ಒಂದೇ. ಇನ್ನೊಂದು ವಿಷಯ ಅವರಿಗೆ ಹೇಳಿ, ಥಾರ್‌ನ ನಾಲ್ಕು ಚಕ್ರ ಒಣ ಟಾರ್ ಮೇಲೆ ಹಾಕೋಕೆ ಇರೋದೇ ಅಲ್ಲ. ಅದರಲ್ಲಿ ಮುಂದೆ ಹಿಂದೆ ಎರಡೂ ಒಂದೇ ವೇಗಕ್ಕೆ ಬೀಗ ಹಾಕಿದ ಹಾಗೆ ಕೂರ್ತವೆ, ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಹೋಗ್ಬೇಕು, ಮಣ್ಣಾದ್ರೆ ಜಾರಿ ಸರಿ ಹೋಗುತ್ತೆ, ಟಾರಲ್ಲಿ ಜಾರೋಕೆ ಆಗದೆ ಗೇರು ಒದ್ದಾಡುತ್ತೆ. ಸುಬಾರು ಥರದ ಆಲ್ ವೀಲ್ ಡ್ರೈವ್‌ನಲ್ಲಿ ನಡುವೆ ಆ ವ್ಯತ್ಯಾಸ ನುಂಗೋ ವ್ಯವಸ್ಥೆ ಇರುತ್ತೆ, ಅದಕ್ಕೇ ಅದನ್ನ ದಿನಾ ಬಳಸ್ಬಹುದು. ಹಾಗಾಗಿ ಅಪಾರ್ಟ್‌ಮೆಂಟಿನ ಆ ಅಸಲಿ ಥಾರು ವರ್ಷಕ್ಕೆ 360 ದಿನ ನಿಮ್ಮದರ ಥರಾನೇ ಹಿಂದಿನ ಚಕ್ರದಲ್ಲೇ ಓಡ್ತಿರೋದು. ಆ ಉಳಿದ ಐದು ದಿನ ನೀವು ಮರಳಿಗೋ ಹೊಳೆ ದಂಡೆಗೋ ಇಳೀಬೇಡಿ, ಟೋ ಮಾಡೋಕೆ ಅವರನ್ನೇ ಕರೀಬೇಕಾಗುತ್ತೆ.

ಪ್ರಶ್ನೆ: ಸುಬಾರು ಅಂದ್ರೇನು? ನಮ್ಮಲ್ಲಿ ಬಂದಿತ್ತಾ?
– ಮೈಸೂರು

ನಮ್ಮ ಕೃತ್ತಿಕಾ ನಕ್ಷತ್ರಕ್ಕೆ ಜಪಾನಿಯಲ್ಲಿ ಸುಬಾರು ಅಂತಾರೆ. ಲಾಂಛನದಲ್ಲಿ ಆರು ನಕ್ಷತ್ರ, ಐದು ಕಂಪನಿ ಸೇರಿ ಫ್ಯೂಜಿ ಹೆವಿ ಇಂಡಸ್ಟ್ರೀಸ್ ಅನ್ನೋ ದೊಡ್ಡದೊಂದು ಆದ ಗುರುತು. ಷಣ್ಮುಖನ್ನ ಸಾಕಿದ ಕೃತ್ತಿಕೆಯರೂ ಆರೇ ಜನ, ಸುಬ್ರಾಯ ಅಂತ ಕರೆದ್ರೂ ಗಾಡಿ ಬೇಜಾರು ಮಾಡ್ಕೊಳ್ಳಲ್ಲ. 2000ದ ದಶಕದಲ್ಲಿ ಷೆವರ್ಲೆ ಫಾರೆಸ್ಟರ್ ಅಂತ ಇಲ್ಲಿ ಮಾರಿದ್ರಲ್ಲ, ಅದು ಸುಬಾರುನೇ, ಷೆವರ್ಲೆಯ ಬೋ ಟೈ ಲಾಂಛನ ಕಟ್ಕೊಂಡು ಬಂದಿತ್ತು.

ಪ್ರಶ್ನೆ: ಅಣ್ಣ ನ್ಯೂಜೆರ್ಸಿಯಲ್ಲಿ ಹಳೇ ಆಟೋಮ್ಯಾಟಿಕ್ ಸುಬಾರು ತಗೊಂಡಿದಾನೆ. ಬಾನೆಟ್ ಒಳಗೆ ಒಂದು ಖಾಲಿ ಫ್ಯೂಸ್ ಜಾಗ ಇದೆ, ಅಲ್ಲಿ ಫ್ಯೂಸ್ ಹಾಕಿದ್ರೆ ಟೂ ವೀಲ್ ಡ್ರೈವ್ ಆಗಿ ಮೈಲೇಜ್ ಬರುತ್ತೆ ಅಂತ ಯಾರೋ ಹೇಳಿದಾರಂತೆ. ನಿಜಾನಾ?
– ಧಾರವಾಡ

ಫ್ಯೂಸ್ ನಿಜ, ಮೈಲೇಜ್ ಸುಳ್ಳು. ಆ ಕಾಲದ ಆಟೋಮ್ಯಾಟಿಕ್‌ಗಳಲ್ಲಿ ಅಲ್ಲಿ ಫ್ಯೂಸ್ ಚುಚ್ಚಿದ್ರೆ ಹಿಂದಿನ ಚಕ್ರಕ್ಕೆ ಬಲ ಹೋಗೋದು ನಿಲ್ಲುತ್ತೆ, ಆದ್ರೆ ಶಾಫ್ಟು ಡಿಫರೆನ್ಷಿಯಲ್ಲು ಎಲ್ಲ ಅಲ್ಲೇ ಇರ್ತವೆ, ಸುಮ್ನೆ ತಿರುಗ್ತಾನೇ ಇರ್ತವೆ, ಒಂದು ಗ್ರಾಂ ತೂಕಾನೂ ಇಳಿಯಲ್ಲ. ಬಾವಿ ಹಗ್ಗ ಬಿಟ್ಟು ರಾಟೆ ತಿರುಗಿಸಿದ ಹಾಗೆ. ಅದನ್ನ ಇಟ್ಟಿರೋದು ಪಂಕ್ಚರ್ ಆದಾಗ ಚಿಕ್ಕ ಸ್ಪೇರ್ ಚಕ್ರ ಹಾಕ್ತೀರಲ್ಲ, ಆಗ ಬಳಸೋಕೆ. ಒಂದು ಚಕ್ರ ಚಿಕ್ಕದಿದ್ರೆ ಅದು ಬೇಗ ಬೇಗ ತಿರುಗುತ್ತೆ, ಮುಂದೆ ಹಿಂದೆ ಜೋಡಿಸೋ ಕ್ಲಚ್ಚು ಅದನ್ನ ಜಾರಿಕೆ ಅಂತ ತಿಳ್ಕೊಂಡು ಒದ್ದಾಡಿ ಸುಟ್ಟು ಹೋಗುತ್ತೆ. ಇದೇ ಕಾರಣಕ್ಕೆ ನಾಲ್ಕು ಟೈರೂ ಒಂದೇ ಕಂಪನಿ ಒಂದೇ ಸವೆತ ಇರ್ಬೇಕು ಅನ್ನೋದು, ಸುತ್ತಳತೆಯಲ್ಲಿ ಕಾಲಿಂಚಿಗಿಂತ ಜಾಸ್ತಿ ವ್ಯತ್ಯಾಸ ಬರಬಾರ್ದು ಅಂತಾರೆ. ಮೂರು ಹಳೇದು ಒಂದು ಹೊಸದು ಅನ್ನೋ ನಮ್ಮ ಲೆಕ್ಕ ಅಲ್ಲಿ ನಡೆಯಲ್ಲ. ಅಣ್ಣನಿಗೆ ಹೇಳಿ, ಫ್ಯೂಸ್ ಸ್ಪೇರ್ ಚಕ್ರದ ಜೊತೆ ಡಿಕ್ಕೀಲಿ ಇಟ್ಕೊಂಡಿರ್ಲಿ, ಮೊದ್ಲು ಟೇಪ್ ತಗೊಂಡು ನಾಲ್ಕು ಟೈರಿನ ಸುತ್ತಳತೆ ಅಳೀಲಿ.